ಅಪ್ಪನ ಗಾಡಿಗೆ ಕೂರಿಸಿದ ಎಂಜಿನ್

ಕಳೆದ ತಿಂಗಳು ಹೆಬ್ಬಾಳದ ಫ್ಲೈಓವರ್ ಇಳಿಯುವಲ್ಲಿ ನಾನು ಕೂತಿದ್ದ ಬಸ್ಸು ಕೆಟ್ಟು ನಿಂತಿತು. ಡ್ರೈವರು ಇಳಿದು, ಬಗ್ಗಿ ನೋಡಿ, ಇನ್ನು ಇದು ಹೋಗುವುದಿಲ್ಲ ಎಂದು ಕಂಡಕ್ಟರಿಗೆ ಕೈ ಅಲ್ಲಾಡಿಸಿದ. ಬ್ಯಾಗು ಹಿಡಿದು ಎಲ್ಲರೂ ರಸ್ತೆಗೆ ಇಳಿದೆವು. ಆಗ ಮೂಗಿಗೆ ಬಡಿಯಿತು ಆ ವಾಸನೆ. ಗೇರ್‌ಬಾಕ್ಸ್ ಒಡೆದು ಎಣ್ಣೆ ಟಾರಿನ ಮೇಲೆ ಹರಿಯುತ್ತಿತ್ತು. ಗೇರ್ ಆಯಿಲ್ ವಾಸನೆ ಎಂಜಿನ್ ಆಯಿಲ್‌ನ ಹಾಗಲ್ಲ. ಗಂಧಕಕ್ಕೆ ಕೊಳೆತ ಬೆಳ್ಳುಳ್ಳಿ ಬೆರೆಸಿದ ಹಾಗಿರುತ್ತದೆ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ದೂರ ಸರಿದರು. ನಾನು ಸರಿಯಲಿಲ್ಲ. ಒಂದು ಕಾಲಕ್ಕೆ ನನ್ನ ಭಾನುವಾರಗಳೆಲ್ಲ ಆ ವಾಸನೆಯಲ್ಲೇ ಕಳೆದಿದ್ದವು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಯಾವುದರಿಂದ ತಿಕ್ಕಿದರೂ ಸೋಮವಾರದ ಊಟದ ತುತ್ತಿನಲ್ಲೂ ಅದು ಇರುತ್ತಿತ್ತು...

ವಾಸನೆಯ ಹಿಂದೆಯೇ ಅವರು ನೆನಪಿಗೆ ಬಂದರು. ನಾವು ಮಕ್ಕಳು ಅವರನ್ನು ಗ್ಯಾರೇಜ್ ಮಾಮ ಎನ್ನುತ್ತಿದ್ದೆವು. ಸಂಬಂಧಿಕರಲ್ಲ. ಅಪ್ಪನ ಸ್ನೇಹಿತರು. ಹುಟ್ಟಿದ್ದು ಸೋಲದೇವನಹಳ್ಳಿಯ ಕಡೆ. ಯಶವಂತಪುರದಲ್ಲಿ, ರೈಲ್ವೆ ಹಳಿಗೆ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದರು. ಅಪ್ಪನದು ಬೋರ್‌ವೆಲ್ ಮೋಟಾರ್ ಎತ್ತುವ ಕೆಲಸ. ನಮ್ಮ ಮನೆಯಿದ್ದ ಅಬ್ಬಿಗೆರೆ, ಪಕ್ಕದ ಚಿಕ್ಕಬಾಣಾವರ, ಹೆಸರಘಟ್ಟದ ತೋಟಗಳಲ್ಲಿ ಯಾರದೇ ಮೋಟಾರ್ ಸುಟ್ಟರೂ ಅಪ್ಪನಿಗೆ ಕರೆ ಬರುತ್ತಿತ್ತು. ಕಬ್ಬಿಣದ ಮುಕ್ಕಾಲಿ, ಚೈನ್ ಪುಲ್ಲಿ, ಪೈಪುಗಳನ್ನೆಲ್ಲ ಹೇರಿಕೊಂಡು ಕೆಸರುಗದ್ದೆಯ ನಡುವೆ ಹೋಗಬೇಕಿದ್ದರಿಂದ ಅಪ್ಪ ಒಂದು ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ ಇಟ್ಟುಕೊಂಡಿದ್ದರು. ನಾಲ್ಕೂ ಚಕ್ರಕ್ಕೆ ಎಳೆತ ಇರುವ, ಮೂತಿ ಮೊಂಡಾದ, ಹಸಿರು ಬಣ್ಣದ ಗಾಡಿ. ನಾನು ಸ್ಟೀರಿಂಗ್ ಹಿಡಿಯಲು ಕಲಿತದ್ದು ಅದರಲ್ಲೇ. ಅಣ್ಣ ಮಾತ್ರ ಅದರ ಹತ್ತಿರ ಬರುತ್ತಿರಲಿಲ್ಲ. ಅದರಲ್ಲಿ ಸ್ಕೂಲಿಗೆ ಬಿಟ್ಟರೆ ಅವಮಾನ ಎಂದು ಅಳುತ್ತಿದ್ದ.

ಅಪ್ಪ ಹೋಗುವುದಕ್ಕೆ ಸ್ವಲ್ಪ ಮುಂಚೆ ಗಾಡಿಯ ಎಂಜಿನ್ ಒಳಗೇ ಬಿಗಿದು ಸೀಜ್ ಆಗಿ ಹಿತ್ತಲಲ್ಲಿ ನಿಂತಿತು. ಬೇರೆ ಎಂಜಿನ್ ಹಾಕಿಸೋಣ ಎನ್ನುತ್ತಲೇ ಅಪ್ಪ ಆಸ್ಪತ್ರೆ ಸೇರಿದರು. ತಿಥಿಯ ದಿನ ಊಟ ಮುಗಿಸಿ ಎಲೆ ಎತ್ತಿದ ಮೇಲೆ ಗ್ಯಾರೇಜ್ ಮಾಮ ಹಿತ್ತಲಿಗೆ ಹೋಗಿ, ಬಾನೆಟ್ ಎತ್ತಿ, ಬಹಳ ಹೊತ್ತು ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರ ಕಣ್ಣು ಕೆಂಪಗಿತ್ತು.

"ಇದ್ನ ಇಂಗೇ ಬಿಟ್ರೆ ತುಕ್ಕು ತಿಂದೋಯ್ತದೆ ಕಣಮ್ಮಣ್ಣಿ," ಎಂದರು. "ಬೇರೆ ಎಂಜಿನ್ ಕೂರ್ಸಾನ. ನಾನಿವ್ನಿ, ನೀನಿದ್ದೀಯ. ನಿಮ್ಮಪ್ಪನ ಗಾಡಿ ಓಡ್ಬೇಕು."

ನಾನು ಆಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಡ್ರಾಯಿಂಗ್ ಬರೆಯುವ ಕೆಲಸದಲ್ಲಿದ್ದೆ. ಆ ಮಾತಿಗೆ ನಾನು ಎಷ್ಟು ಕಾತರಿಸಿದ್ದೆ ಎಂಬುದು ಅದನ್ನು ಕೇಳಿದ ಮೇಲೇ ನನಗೆ ಗೊತ್ತಾಯಿತು. ಅಣ್ಣ ಒಳಗೆ ನೆಂಟರ ಜೊತೆ ಹಿತ್ತಲಿನ ಅಳತೆ ಮಾತಾಡುತ್ತಿದ್ದ.

ಗುಜರಿಯಿಂದ ಅವರು ಒಂದು ಡೀಸೆಲ್ ಎಂಜಿನ್ ತಂದರು. ಯಾವುದೋ ಅಪಘಾತವಾದ ಗೂಡ್ಸ್ ಗಾಡಿಯದು. ಎಂಜಿನ್ ಚೆನ್ನಾಗಿತ್ತು, ಆದರೆ ನಮ್ಮ ಗಾಡಿಗೆ ಹೊಂದುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಹಳೆ ಎಂಜಿನ್ ಇಳಿಸಿ ಹೊಸದನ್ನು ಎತ್ತಿಡುವುದು ಸುಲಭ ಎಂದು ನಾನು ತಿಳಿದಿದ್ದೆ. ಎತ್ತುವುದೇನೋ ಸುಲಭವೇ ಆಯಿತು. ಅಪ್ಪನ ಮುಕ್ಕಾಲಿ, ಅಪ್ಪನ ಚೈನ್ ಪುಲ್ಲಿಯೇ ಇದ್ದವು. ಕೂರಿಸುವುದೇ ಕಷ್ಟ.

ಮೊದಲಿಗೆ ಗೇರ್‌ಬಾಕ್ಸಿನ ಬೋಲ್ಟ್ ತೂತುಗಳಿಗೂ ಎಂಜಿನ್ನಿನ ತೂತುಗಳಿಗೂ ತಾಳೆಯಾಗಲಿಲ್ಲ. ನಡುವೆ ಒಂದು ದಪ್ಪ ಉಕ್ಕಿನ ತಟ್ಟೆ ಬೇಕು. ಒಂದು ಕಡೆ ಎಂಜಿನ್ನಿನ ತೂತು, ಇನ್ನೊಂದು ಕಡೆ ಗೇರ್‌ಬಾಕ್ಸಿನ ತೂತು. ಅವರು ರಟ್ಟು ಒತ್ತಿ, ಕೈಗೆ ಗ್ರೀಸ್ ಹಚ್ಚಿಕೊಂಡು ಎರಡರ ಅಚ್ಚೂ ತೆಗೆದುಕೊಟ್ಟರು. ನಾನು ಡ್ರಾಯಿಂಗ್ ಬರೆದು ಕಾರ್ಖಾನೆಯಲ್ಲಿ ಕತ್ತರಿಸಿಕೊಂಡು ತಂದೆ. ಹಿಡಿದು ನೋಡಿದರೆ ಒಂದು ಕಡೆಯ ತೂತುಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಆಗಿದ್ದವು! ಒಂದಕ್ಕೊಂದು ಎದುರು ಕೂರುವ ಮುಖಗಳು, ಒಂದರ ಅಚ್ಚನ್ನು ಮಗುಚಬೇಕಿತ್ತು. ಅವರು ರಟ್ಟಿನ ಮೇಲೆ ಮೇಲ್ಮುಖ ಯಾವುದೆಂದು ಗುರುತು ಹಾಕಿರಲಿಲ್ಲ, ನಾನೂ ಕೇಳಿರಲಿಲ್ಲ.

"ಉಲ್ಟಾ ಬರ್ದಿದ್ದೀಯಲ್ಲೇ!" ಎಂದು ಕೂಗಿದರು.

"ಗುರುತು ಹಾಕ್ಬೇಕಿದ್ದಿದ್ದು ನೀವಲ್ವಾ ಮಾಮ?"

"ಇಷ್ಟ್ ವರ್ಸದಲ್ಲಿ ನನ್ ಕೈ ತಪ್ಪಿದ್ದಿಲ್ಲ."

ಅವರು ಹಾಗೆಯೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಪ್ಪು ಎಂದೂ ಅವರದಲ್ಲ. ಸ್ಪ್ಯಾನರ್‌ದು, ಗುಜರಿಯವನದು, ನನ್ನದು. ಆದರೆ ಮುಂದಿನ ಭಾನುವಾರ ನನಗೆಂದು ಎಳ್ಳುಂಡೆ ಕಟ್ಟಿಸಿಕೊಂಡು ಬಂದಿದ್ದರು. ಅದನ್ನೇ ಕ್ಷಮೆ ಎಂದುಕೊಂಡು ತಿಂದೆ.

ಎರಡನೆಯ ತಟ್ಟೆ ಸರಿಯಾಗಿ ಕೂತಿತು. ಕೂತದ್ದರಿಂದಲೇ ಬೇರೆ ತೊಂದರೆ ಹುಟ್ಟಿತು. ತಟ್ಟೆಯ ದಪ್ಪದಷ್ಟು ಗೇರ್‌ಬಾಕ್ಸ್ ಹಿಂದಕ್ಕೆ ಸರಿದು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಉದ್ದವಾಯಿತು, ಮುಂದಿನ ಚಕ್ರದ್ದು ಗಿಡ್ಡವಾಯಿತು. ಎರಡನ್ನೂ ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಫೋರ್ ವೀಲ್ ಡ್ರೈವ್ ಅಲ್ಲದಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು ಎಂದು ಅವರು ಗೊಣಗಿದರು. ಮುಂದಿನ ಎಳೆತವನ್ನು ಕಿತ್ತುಹಾಕಿಬಿಡೋಣ ಎಂದು ಒಮ್ಮೆ ಅಂದರು ಕೂಡ. ನಾನು ಒಪ್ಪಲಿಲ್ಲ. ಆ ಎಳೆತ ಇಲ್ಲದಿದ್ದರೆ ಅದು ಅಪ್ಪನ ಗಾಡಿಯೇ ಅಲ್ಲ.

ನಮ್ಮನ್ನು ನಿಜವಾಗಿ ಅಳಿಸಿದ್ದು ಚೇಂಬರ್. ಎಂಜಿನ್ನಿನ ಹೊಟ್ಟೆಯ ಕೆಳಗೆ ಎಣ್ಣೆ ತುಂಬಿಕೊಳ್ಳುವ ತಗಡಿನ ತೊಟ್ಟಿಯನ್ನು ಗ್ಯಾರೇಜಿನವರು ಹಾಗೆ ಕರೆಯುತ್ತಾರೆ. ಈ ಎಂಜಿನ್ನಿನ ಚೇಂಬರ್ ಮುಂಭಾಗದಲ್ಲೇ ಆಳವಾಗಿತ್ತು. ಸರಿಯಾಗಿ ಅದರ ಕೆಳಗೇ ನಮ್ಮ ಗಾಡಿಯ ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್. ನಿಂತಿದ್ದಾಗ ಬೆರಳು ಹೋಗುವಷ್ಟು ಜಾಗ ಇತ್ತು. ಹಳ್ಳಕ್ಕೆ ಇಳಿದರೆ ಸ್ಪ್ರಿಂಗ್ ಅದುಮಿ ಆಕ್ಸಲ್ ಮೇಲೆ ಬಂದು ತೊಟ್ಟಿಯನ್ನು ಒಡೆದೇ ಒಡೆಯುತ್ತದೆ. ಅವರು ಎಂಜಿನ್ನನ್ನು ಎತ್ತರಿಸಿ ಕೂರಿಸಿದರು. ಬಾನೆಟ್ ಮುಚ್ಚಲಿಲ್ಲ. ಹಿಂದಕ್ಕೆ ತಳ್ಳಿದರು. ಡ್ರೈವರ್ ಕಾಲಿನ ಮುಂದಿನ ತಗಡಿಗೆ ತಾಗಿತು. ಸಿಟ್ಟಿನಿಂದ ಸುತ್ತಿಗೆ ಎಸೆದು ಮನೆಗೆ ಹೊರಟುಹೋದರು, ಎರಡು ಭಾನುವಾರ ಬರಲೇ ಇಲ್ಲ.

ಬಂದ ದಿನ ನಾನೇ ಕೇಳಿದೆ: ತೊಟ್ಟಿಯನ್ನೇ ಕತ್ತರಿಸಿ, ಮುಂದಿನ ಆಳವನ್ನು ಹಿಂದಕ್ಕೆ ಮಾಡಿದರೆ? ಅವರು ತಲೆ ಕೆರೆದುಕೊಂಡು, ಎಣ್ಣೆ ಹೀರುವ ಪೈಪನ್ನೂ ಆಗ ಹಿಂದಕ್ಕೆ ಬಗ್ಗಿಸಬೇಕಾಗುತ್ತದೆ ಎಂದರು. ಬಗ್ಗಿಸಿ ಎಂದೆ. ಎಷ್ಟು ಜಾಗ ಬಿಡಬೇಕೆಂದು ತಿಳಿಯಲು ಅವರು ಒಂದು ಉಪಾಯ ಹೇಳಿದರು. ಅಮ್ಮನ ಹತ್ತಿರ ಚಪಾತಿ ಹಿಟ್ಟು ಕಲಸಿಸಿಕೊಂಡು, ಉಂಡೆ ಕಟ್ಟಿ ಆಕ್ಸಲ್ ಮೇಲೆ ಇಟ್ಟೆವು. ಅಣ್ಣ ತರಿಸಿಟ್ಟಿದ್ದ ಸಿಮೆಂಟ್ ಮೂಟೆಗಳನ್ನು ಮುಂದಿನ ಬಂಪರ್ ಮೇಲೆ ಹೇರಿ, ಸ್ಪ್ರಿಂಗ್ ಅದುಮುವ ಹಾಗೆ ಚಕ್ರದ ಹತ್ತಿರ ಜಾಕ್ ಕೊಟ್ಟು ಎತ್ತಿದೆವು. ಆಮೇಲೆ ಇಳಿಸಿ ನೋಡಿದರೆ ಉಂಡೆ ರೊಟ್ಟಿಯಾಗಿತ್ತು. ಉಳಿದ ದಪ್ಪವನ್ನು ನಾನು ಅಳೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಣ್ಣಾ, ಹಂಗೇ ಬೇಯಿಸ್ಕೊಡ್ಲಾ?" ಎಂದು ಗ್ಯಾರೇಜ್ ಮಾಮನನ್ನು ಕೇಳಿದರು.

ಅಪ್ಪ ಹೋದ ಮೇಲೆ ಅಮ್ಮ ತಮಾಷೆ ಮಾಡಿದ್ದು ಅದೇ ಮೊದಲು. ಗ್ಯಾರೇಜ್ ಮಾಮ ಗಾಡಿಯ ಅಡಿಯಲ್ಲೇ ಮಲಗಿ ಕೆಮ್ಮು ಬರುವಷ್ಟು ನಕ್ಕರು. ಈಗ ಯೋಚಿಸಿದರೆ ಹೊಟ್ಟೆ ಉರಿಯುವುದು ಆ ನಗುವಿಗೇ. ಅದು ಸುಳ್ಳು ನಗುವಾಗಿರಲಿಲ್ಲ...

ಚೇಂಬರ್ ಕತ್ತರಿಸಿ ವೆಲ್ಡ್ ಮಾಡಿದರು. ಸೀಮೆಎಣ್ಣೆ ತುಂಬಿಸಿ ಇಟ್ಟರೆ ಬೆಳಿಗ್ಗೆಗೆ ಕೆಳಗೆ ಒಂದು ಹನಿಯೂ ಇರಲಿಲ್ಲ. ಹೊಗೆ ಪೈಪು ಸ್ಟೀರಿಂಗ್ ಸರಳಿಗೆ ಉಜ್ಜುತ್ತಿತ್ತು, ಅದಕ್ಕೊಂದು ತಿರುವು ಕೊಟ್ಟರು. ಕೊನೆಗೆ ಒಂದು ಭಾನುವಾರ ಎಂಜಿನ್ ಹತ್ತಿಕೊಂಡಿತು. ಹಿತ್ತಲೆಲ್ಲ ಕಪ್ಪು ಹೊಗೆ. ಅಮ್ಮ ಅಡುಗೆಮನೆಯಿಂದ ಓಡಿಬಂದರು. ಗ್ಯಾರೇಜ್ ಮಾಮ ಬಾನೆಟ್ ಮೇಲೆ ಕೈಯಿಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ನಿಂತಿದ್ದರು.

ಅಂದೇ ಮೂವರೂ ಹೆಸರಘಟ್ಟದ ಕಡೆ ಹೋದೆವು. ಕೆರೆಯಂಚಿನಲ್ಲಿ ಹಿಂದಿನ ದಿನದ ಮಳೆಗೆ ಕೆಸರಾಗಿತ್ತು. ನಾನು ಫೋರ್ ವೀಲ್ ಲಿವರ್ ಎಳೆದೆ. ಮುಂದಿನ ಚಕ್ರಗಳು ಒಂದು ಕ್ಷಣ ಅನುಮಾನಿಸಿ, ಆಮೇಲೆ ಹಿಡಿದವು. ಗಾಡಿ ಕೆಸರನ್ನು ಸೀಳಿಕೊಂಡು ಮೇಲೆ ಹತ್ತಿತು. ಅಮ್ಮ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಅಳುತ್ತಿದ್ದರು, ನಿಲ್ಲಿಸಲಾ ಎಂದರೆ ಬೇಡ ಎಂದರು. ವಾಪಸ್ ಬರುವಾಗ ಗ್ಯಾರೇಜ್ ಮಾಮ ಹೇಳಿದರು: "ಆರ್‌ಸಿ ಬುಕ್ಕಲ್ಲಿ ಎಂಜಿನ್ ನಂಬರ್ ಬದಲಾಯಿಸೋದು ನಂಗ್ ಬಿಡು. ನೀನ್ ಓಡಿಸ್ಕೊಂಡಿರು."

ಆಮೇಲೆ ಅವರು ಆರ್‌ಸಿಯ ಮಾತೇ ಎತ್ತಲಿಲ್ಲ. ಕೇಳಿದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದರು.

ಅಷ್ಟರಲ್ಲಿ ಅಣ್ಣ ಹಿತ್ತಲನ್ನೂ ಹಳೆ ಮನೆಯನ್ನೂ ಸೇರಿಸಿ ನಾಲ್ಕು ಮಹಡಿ ಕಟ್ಟುವುದೆಂದು ತೀರ್ಮಾನಿಸಿದ್ದ. ಕೆಳಗೆ ಮಳಿಗೆಗಳು, ಮೇಲೆ ಫ್ಲ್ಯಾಟುಗಳು. ಗಾಡಿ ತೆಗೀಬೇಕು ಎಂದ. ನಾನು ತಕರಾರು ಮಾಡಲಿಲ್ಲ, ನಿಲ್ಲಿಸಲು ಜಾಗ ಹುಡುಕುತ್ತೇನೆ ಎಂದೆ. ಕಾರ್ಖಾನೆಯ ಯಜಮಾನರನ್ನು ಕೇಳಿದೆ. ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿಕೋ, ತಿಂಗಳಾಚೆ ಖಾಲಿಯಾಗುತ್ತೆ ಎಂದರು. ಅಣ್ಣನಿಗೆ ಹೇಳಿದೆ. ಆಯಿತು ಎಂದು ತಲೆಯಾಡಿಸಿದ.

ಒಂದು ದಿನ ಕೆಲಸದಿಂದ ಬಂದಾಗ ಹಿತ್ತಲು ಖಾಲಿ. ಮಣ್ಣಿನಲ್ಲಿ ಟೈರಿನ ಗುರುತು ಗೇಟಿನ ತನಕ ಹೋಗಿತ್ತು. ಅಮ್ಮ ತುಳಸಿಕಟ್ಟೆಯ ಹತ್ತಿರ ಕೂತಿದ್ದರು.

"ಯಾರಮ್ಮ ತಗೊಂಡ್ಹೋಗಿದ್ದು?"

ಅಮ್ಮ ನನ್ನ ಮುಖ ನೋಡಲಿಲ್ಲ. "ಗ್ಯಾರೇಜ್ ಅಣ್ಣನೇ ಬಂದಿದ್ರು. ನಿಮ್ಮಣ್ಣ ಕರೆಸಿದ್ದಂತೆ. ನಿನಗೆ ಗೊತ್ತಿದೆ ಅಂದ್ರು."

ಆ ಗಾಡಿ ಹೊಸಬರಿಗೆ ಹತ್ತುತ್ತಿರಲಿಲ್ಲ. ಕ್ಲಚ್ಚನ್ನು ಅರ್ಧ ಒತ್ತಿ, ಕೀಲಿಯನ್ನು ಒಂದು ಗಳಿಗೆ ತಡೆದು ತಿರುಗಿಸಬೇಕಿತ್ತು. ಆ ಮರ್ಮ ಗೊತ್ತಿದ್ದದ್ದು ಗ್ಯಾರೇಜ್ ಮಾಮನಿಗೆ ಮತ್ತು ನನಗೆ ಮಾತ್ರ. ಬೇರೆ ಯಾರು ಬಂದಿದ್ದರೂ ಗಾಡಿ ಅಲ್ಲೇ ಇರುತ್ತಿತ್ತು.

ಮಾರನೆಯ ದಿನ ರಜೆ ಹಾಕಿ ಯಶವಂತಪುರಕ್ಕೆ ಹೋದೆ. ಶೆಡ್ಡಿನ ಮುಂದೆ ನಮ್ಮ ಎಂಜಿನ್ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಚೇಂಬರಿನ ವೆಲ್ಡಿಂಗ್ ಗೆರೆ ನೋಡಿದ ಕೂಡಲೇ ಗೊತ್ತಾಯಿತು. ಗೇರ್‌ಬಾಕ್ಸ್ ಪಕ್ಕಕ್ಕೆ ಬಿದ್ದು, ಅದರ ಎಣ್ಣೆ ಒಂದು ಬಾಣಲೆಗೆ ತೊಟ್ಟಿಕ್ಕುತ್ತಿತ್ತು. ಗಾಡಿಯ ಬಾಡಿ ಕಾಣಲಿಲ್ಲ. ಕತ್ತರಿಸುವವರು ಬೆಳಿಗ್ಗೆಯೇ ಬಂದು ಹೋಗಿದ್ದರು. ಅಷ್ಟು ತಿಂಗಳು ಹಿಡಿದು ಕೂರಿಸಿದ್ದನ್ನು ಬಿಚ್ಚಲು ಗ್ಯಾರೇಜ್ ಮಾಮನಿಗೆ ಒಂದು ರಾತ್ರಿಯೂ ಪೂರ್ತಿ ಬೇಕಾಗಿರಲಿಲ್ಲ.

ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಯಾಕ್ ಮಾಮ?" ಎಂದೆ.

"ಎಂಜಿನ್ ನಂಬರ್ರೇ ಬೇರೆ ಇದ್ಮೇಲೆ ಇಡೀ ಗಾಡಿ ಯಾರ್ ತಗೋತಾರಮ್ಮಣ್ಣಿ? ಬಿಡಿಬಿಡಿಯಾಗೇ ಓಗ್ಬೇಕು."

"ಮಾರಿ ಅಂದಿದ್ಯಾರು ನಿಮಗೆ?"

ಅವರು ಹಳಿಯ ಕಡೆ ನೋಡಿದರು. ಗೂಡ್ಸ್ ರೈಲೊಂದು ಹೋಗುತ್ತಿತ್ತು.

"ಈ ಶೆಡ್ ಒಡೀತಾರೆ," ಎಂದರು ಆಮೇಲೆ. "ನೋಟೀಸ್ ಅಂಟ್ಸವ್ರೆ. ಗಾಡಿ ತೆಗ್ಸಿದ್ರೆ ನಿಮ್ಮಣ್ಣ ಕೆಳಗಡೆ ಒಂದ್ ಮಳಿಗೆ ಕೊಡ್ತೀನಿ ಅಂದವ್ನೆ, ಗ್ಯಾರೇಜ್ ಇಟ್ಕೋ ಅಂತ. ಈ ವಯಸ್ನಲ್ಲಿ ನಾನೆಲ್ಲಿಗ್ ಓಗ್ಲಿ ಏಳು? ನಿಮ್ಮಪ್ಪ ಇದ್ದಿದ್ರೂ ಬ್ಯಾಡ ಅಂತಿರ್ಲಿಲ್ಲ."

ಶೆಡ್ಡಿನ ಕಷ್ಟ ನನಗೆ ಅರ್ಥವಾಗುತ್ತಿತ್ತು. ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಹೂಂ ಎನ್ನುತ್ತಿದ್ದೆ, ಅತ್ತುಕೊಂಡಾದರೂ. ಅವರು ಕೇಳಲಿಲ್ಲ. ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ ಬಂದರು. ಅಮ್ಮನಿಗೆ ಸುಳ್ಳು ಹೇಳಿದರು. ಅದರ ಮೇಲೆ ಅಪ್ಪನ ಹೆಸರನ್ನು ಬೇರೆ ತಂದರು.

"ಇನ್ಮೇಲೆ ನಮ್ಮಪ್ಪನ ಹೆಸರು ಎತ್ಬೇಡಿ," ಎಂದೆ. ಅವರ ಜೊತೆ ನಾನು ಆಡಿದ ಕಡೆಯ ಮಾತು ಅದು.

ಕಟ್ಟಡ ಎದ್ದಿತು. ಅಣ್ಣ ಅವರಿಗೆ ಮಳಿಗೆ ಕೊಡಲಿಲ್ಲ. ಒಂದು ದಿನ ನಾನು ಅಮ್ಮನನ್ನು ನೋಡಲು ಹೋಗಿದ್ದಾಗ ಅವನೇ ನಗುತ್ತ ಹೇಳಿದ: "ಕೆಳಗಡೆ ಗ್ಯಾರೇಜ್ ಇದ್ರೆ ಮೇಲ್ಗಡೆ ಫ್ಲ್ಯಾಟ್ ಯಾರ್ ತಗೋತಾರೆ ಹೇಳು? ಏನೋ ಮಾತಿಗ್ ಅಂದಿದ್ದೆ, ಅವರು ಅದನ್ನೇ ಹಿಡ್ಕೊಂಡಿದ್ರು." ಅಲ್ಲಿ ಈಗ ಕೇಕ್ ಅಂಗಡಿ ಇದೆ. ನಾನು ಕೊಡಿಗೇಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದೆ. ಅಣ್ಣನ ಮನೆಯಲ್ಲಿ ನೀರು ಕುಡಿಯುವುದಕ್ಕೂ ನನಗೆ ಮನಸ್ಸಾಗುವುದಿಲ್ಲ, ಅಮ್ಮನಿಗಾಗಿ ಕುಡಿಯುತ್ತೇನೆ.

ಶೆಡ್ ಹೋದ ಮೇಲೆ ಗ್ಯಾರೇಜ್ ಮಾಮನನ್ನು ನಾನು ಒಂದೇ ಸಲ ನೋಡಿದೆ. ಕೊಡಿಗೇಹಳ್ಳಿಯಲ್ಲೇ, ಕಾರು ತೊಳೆಯುವ ಜಾಗವೊಂದರಲ್ಲಿ, ಮೊಣಕಾಲಿನ ತನಕ ಪ್ಯಾಂಟು ಮಡಿಸಿಕೊಂಡು ನೀರಿನ ಪೈಪು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕಾರಿನ ಆ ಕಡೆಗೆ ಸರಿದರು. ಅವರಿಗೆ ಹಾಗಾಗಬೇಕೆಂದು ನಾನು ಎಷ್ಟೋ ಸಲ ಶಪಿಸಿದ್ದೆ. ಆದದ್ದನ್ನು ನೋಡಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಕನಿಕರವೂ ಬರಲಿಲ್ಲ. ಸುಮ್ಮನೆ ಬಾಯೆಲ್ಲ ಕಹಿಯಾಗಿ ಮನೆಗೆ ಬಂದೆ.

ಅವರು ತೀರಿಕೊಂಡ ಸುದ್ದಿ ಹೇಳಿದ್ದು ಅಮ್ಮ. ಹೋಗಲೇಬೇಕು ಎಂದು ಹಟ ಹಿಡಿದರು, ಕರೆದುಕೊಂಡು ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ಉಗುರಿನ ಸಂದಿಯಲ್ಲಿ ಕಪ್ಪು ಇರಲಿಲ್ಲ, ಕೈ ಬೇರೆ ಯಾರದೋ ಹಾಗೆ ಬೆಳ್ಳಗಿತ್ತು. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅಳುತ್ತಲೇ ಪಕ್ಕದವರಿಗೆ ನನ್ನನ್ನು ತೋರಿಸಿದರು.

"ಇವ್ಳೇ ಕಣ್ರವ್ವ ಅಬ್ಬಿಗೆರೆ ಮಗಳು. ಇವಳ ಗಾಡಿಗೇ ನಮ್ಮೋರು ಎಂಜಿನ್ ಕೂರ್ಸಿದ್ದು. ಎಲ್ರೂ ಆಗಾಕಿಲ್ಲ ಅಂದಿದ್ರಂತೆ. ಈಗ್ಲೂ ಓಡಿಸ್ತವ್ಳೆ, ಬೆಣ್ಣೆ ಇದ್ದಂಗ್ ಓಡ್ತದೆ ಅಂತ ಯಾವಾಗ್ಲೂ ಏಳೋರು." ಆಮೇಲೆ ನನ್ನತ್ತ ತಿರುಗಿ, "ಓಡ್ತಾ ಐತೇನಮ್ಮ ಗಾಡಿ?" ಎಂದರು.

ಅಮ್ಮ ನನ್ನ ಮುಖ ನೋಡಿದರು. ಹೂಂ ಅತ್ತೆ, ಎಂದೆ. ಹೆಣದ ಮುಂದೆ ಇನ್ನೇನು ಹೇಳಲಿ. ಬರುವಾಗ ಆಟೋದಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾವೇ ಬಿಚ್ಚಿ ಮಾರಿದ ಗಾಡಿಯನ್ನು ಮನೆಯವರ ಮುಂದೆ ಬಾಯಿಮಾತಿನಲ್ಲೇ ವರ್ಷಗಟ್ಟಲೆ ಓಡಿಸಿಕೊಂಡಿದ್ದರು. ಆ ಸುಳ್ಳನ್ನು ಈಗ ನನ್ನ ಕೈಗೆ ಕೊಟ್ಟು ಹೋಗಿದ್ದರು...

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ವರ್ಷದ ತಿಥಿ ಹತ್ತಿರ ಬಂದಿದೆ. ಎಲ್ಲರೂ ಊರಿಗೆ ಹೋಗುತ್ತಾರಂತೆ.

"ಗಾಡಿ ತಕ್ಕೊಂಡ್ ಬಾರಮ್ಮ. ಮೊಮ್ಮಕ್ಳು ಒಂದ್ಸಲ ನೋಡ್ಬೇಕು ಅಂತವೆ, ಅವ್ರ ತಾತನ ಕೈಕೆಲ್ಸಾನ."

ಇನ್ನು ಹೂಂ ಎನ್ನಲು ಆಗಲಿಲ್ಲ. "ಗಾಡಿ ಇಲ್ಲ ಅತ್ತೆ," ಎಂದೆ. "ಯಾವತ್ತೋ ಹೋಯ್ತು."

ಆ ಕಡೆ ಅತ್ತೆ ಮೊಮ್ಮಕ್ಕಳನ್ನು ಆಚೆ ಕಳಿಸಿದ್ದು ಕೇಳಿಸಿತು.

"ಮಾರ್ಬಿಟ್ಯಾ?" ಎಂದರು. ಕೋಪಕ್ಕಿಂತ ಆ ದನಿಯಲ್ಲಿ ನೋವಿತ್ತು. "ಅವ್ರು ಅಷ್ಟ್ ಕಷ್ಟ ಬಿದ್ದು ಮಾಡ್ಕೊಟ್ಟಿದ್ರಲ್ಲಮ್ಮ. ಎಂಗ್ ಮನಸ್ ಬಂತು ನಿಂಗೆ?"

ನಡೆದದ್ದನ್ನೆಲ್ಲ ಹೇಳಲು ಬಾಯಿ ತೆರೆದೆ. ಶೆಡ್ಡಿನ ಮುಂದೆ ದಿಮ್ಮಿಗಳ ಮೇಲೆ ಕೂತಿದ್ದ ಎಂಜಿನ್, ಅಣ್ಣ ಆಡಿದ ಮಾತು, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಆ ಹೆಂಗಸು ನಂಬುತ್ತಿರಲಿಲ್ಲ. ನಂಬಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಅತ್ತೆ ನಂಬುವ ಹಾಗೆ ಹೌದು ಎಂದು ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಈಗ ಇಲ್ಲ.

"ತಪ್ಪಾಯ್ತು ಅತ್ತೆ," ಎಂದು ಫೋನಿಟ್ಟೆ.